ಹಿಂಗಾರಿಗೊಂದು ಕಾದಂಬರಿ

ಮಹಾನವಮಿ ಮುಗಿದ ವಾರ ನಮ್ಮ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದೆವು. ಕಲಬುರಗಿಯ ಆಸ್ಪತ್ರೆಯಿಂದ ಮಟಕಿಗೆ ಬಾಡಿಗೆ ಕಾರಿನಲ್ಲಿ ಬರುವಾಗ ಹೊಲಗಳ ಮೇಲೆ ಬಿಸಿಲು ಅರಿಶಿನ ಹಾಕಿದ ಹಾಲಿನಂತೆ ತೆಳ್ಳಗೆ ಹರಡಿಕೊಂಡಿತ್ತು. ಮಳೆ ಹಿಂದೆ ಸರಿದು, ಚಳಿ ಇನ್ನೂ ಬಾರದೆ, ಗಾಳಿ ಎತ್ತ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟ ದಿನಗಳು. ಅತ್ತೆ ದೊಡ್ಡ ಕರಿ ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಊರು ಹತ್ತಿರ ಬಂದಾಗ ಕಿಟಕಿಯ ಕಡೆ ಮುಖ ತಿರುಗಿಸಿ ಕೇಳಿದರು.

"ತೊಗರಿ ಹೂ ಬಿಟ್ಟದೇನ್ ಬೇ?"

"ಬಿಡಾಕತ್ತದ್ರಿ ಅತ್ತಿ."

"ಅದಕ್ಕ ಹಳದಿ ಹಳದಿ ಕಾಣಾಕತ್ತದ. ನಾ ಕಣ್ಣಿಗೆ ಹಾಕಿದ ಔಷಧದ್ದು ಅನ್ಕೊಂಡಿದ್ದೆ."

ನಾನು ಆಳಂದದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಗಂಡ ಅದೇ ಊರಿನ ಬೇಳೆ ಮಿಲ್ಲಿಗೆ ದಿನಾ ಮಟಕಿಯಿಂದ ಬೈಕಿನಲ್ಲಿ ಹೋಗಿಬರುತ್ತಾರೆ. ದಸರೆ ರಜೆ ಇದ್ದುದರಿಂದ ಅತ್ತೆಯ ಆರೈಕೆ ನನ್ನ ಪಾಲಿಗೆ ಬಂತು. ಅದು ಕಷ್ಟದ ಕೆಲಸವೇನಲ್ಲ. ಕಷ್ಟವಾದದ್ದು ಅವರಿಗೇ. ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಹೊಗೆಗೆ ಹೋಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಟಿ.ವಿ. ನೋಡಬಾರದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಕೋಳಿ ಕೂಗುವ ಮೊದಲೇ ಎದ್ದು, ಸ್ನಾನ ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿಯಲು ಕೂತರೆ ಊರೇ ಅವರ ಸಪ್ಪಳಕ್ಕೆ ಏಳುತ್ತಿತ್ತು. ಅಂಥವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರೆ ಮನೆಯಲ್ಲಿ ಗಡಿಯಾರ ನಿಂತುಹೋದಂತೆ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿದ್ದಾಗ ನನ್ನ ಗೆಳತಿ ಜೇವರ್ಗಿಯಿಂದ ಬಂದು ಪುಸ್ತಕಗಳ ಗಂಟೊಂದನ್ನು ಕೊಟ್ಟು ಹೋಗಿದ್ದಳು. ಅವಳು ಜೇವರ್ಗಿಯಲ್ಲೇ ನರ್ಸ್. ಕಲಬುರಗಿಯ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಗಿನಿಂದಲೂ ಹಿಂಗಾರಿ ಬಿತ್ತನೆ ಶುರುವಾಗುವ ಹೊತ್ತಿಗೆ ಆ ವರ್ಷ ನಾನು ಓದಲೇಬೇಕಾದ ಪುಸ್ತಕಗಳನ್ನು ಅವಳೇ ಆರಿಸಿ ಕಳಿಸುತ್ತಾಳೆ. ಎಲ್ಲವೂ ಹೆಂಗಸರು ಬರೆದವು. ಅದರ ಬಗ್ಗೆ ಅವಳದೊಂದು ವಾದವೇ ಇದೆ.

"ಮಳಿಗಾಲದಾಗ ಮನಸ್ಸು ಹಸಿ ಇರ್ತದ, ಏನು ಓದಿದ್ರೂ ಅಳು ಬರ್ತದ," ಅನ್ನುತ್ತಾಳೆ. "ಬ್ಯಾಸಗ್ಯಾಗ ಓದೂದು ನಿದ್ದಿ ಬರ್ಲಿ ಅಂತ. ಖರೆ ಓದೂದು ಅಂದ್ರ ಈ ದಿನದಾಗ. ಬಿತ್ತಿರ್ತೇವಿ, ಬೆಳಿ ಇನ್ನೂ ಎದ್ದಿರೂದಿಲ್ಲ. ಮನಿಯಾಗಿನ ಹೆಣ್ಮಕ್ಕಳಿಗೆ ಒಂದು ಜರಾ ಉಸಿರು ಸಿಗ್ತದ."

ಆ ಸಲ ಗಂಟಿನಲ್ಲಿ ಮೂರಿದ್ದವು. ಒಂದು, ಒಬ್ಬ ಸೂಲಗಿತ್ತಿ ಹೇಳಿ ಅವಳ ಮೊಮ್ಮಗಳು ಬರೆದುಕೊಂಡ ನೆನಪುಗಳು. ಊರಿನ ಮುದುಕರನ್ನೆಲ್ಲ ಅವರು ಹುಟ್ಟಿದಾಗ ಹೇಗೆ ಅತ್ತರು ಎಂಬುದರಿಂದ ಗುರುತಿಸುವ ಹೆಂಗಸು ಅದರಲ್ಲಿದ್ದಾಳೆ. ಇನ್ನೊಂದು ಸಣ್ಣ ಕಥೆಗಳ ತೆಳ್ಳನೆಯ ಪುಸ್ತಕ. ಒಲೆಯ ಮೇಲೆ ಹಾಲಿಟ್ಟು ಓದಲು ಕೂತರೆ ಉಕ್ಕುವುದರೊಳಗೆ ಒಂದು ಕಥೆ ಮುಗಿಯುತ್ತಿತ್ತು, ಆದರೆ ಆಮೇಲೆ ಹಾಲು ಆರುವವರೆಗೂ ಏಳಲು ಮನಸ್ಸಾಗುತ್ತಿರಲಿಲ್ಲ. ಮೂರನೆಯದು ನೀಲಿ ರಟ್ಟಿನ ದಪ್ಪ ಕಾದಂಬರಿ. ಬರೆದವರ ಹೆಸರು ನಾನು ಕೇಳಿರಲಿಲ್ಲ. ಗೆಳತಿ ಅದರ ಮೇಲೆ ಕೈಯಿಟ್ಟು, "ಇದನ್ನ ಸಾವಕಾಶ ಓದು. ಜೋಳ ಮೊಳಕಿ ಒಡ್ಯೂತನಾ ಓದು," ಎಂದಿದ್ದಳು.

ಊರಿಗೆ ಬಂದ ಮರುದಿನ ಮಧ್ಯಾಹ್ನ ಅತ್ತೆಗೆ ಔಷಧದ ಹನಿ ಹಾಕಿ, ಅವರು ಮಲಗಿದ್ದಾರೆಂದುಕೊಂಡು ನಾನು ಕಂಬಕ್ಕೆ ಒರಗಿ ಆ ಕಾದಂಬರಿ ತೆರೆದೆ. ಮೊದಲ ಪುಟದಲ್ಲೇ ಒಬ್ಬ ಹೆಂಗಸು ಮಗನ ಮದುವೆ ಮುಗಿದ ಮರುದಿನ ಬೆಳಿಗ್ಗೆ ಮನೆಯ ಕೀಲಿಕೈಗಳನ್ನು ಸೊಸೆಯ ಕೈಯಲ್ಲಿಟ್ಟು, ಹೊದೆಯಲು ಒಂದು ಕೌದಿ, ಒಂದು ತಪ್ಪಲೆ ತೆಗೆದುಕೊಂಡು ಹೊಳೆದಂಡೆಯ ಹೊಲಕ್ಕೆ ನಡೆದುಬಿಡುತ್ತಾಳೆ. ಅಲ್ಲೊಂದು ಗುಡಿಸಲು ಹಾಕಿಕೊಂಡು ಇರತೊಡಗುತ್ತಾಳೆ. ಜಗಳವಿಲ್ಲ, ಅಳುವಿಲ್ಲ. ಯಾರೂ ಏನೂ ಅಂದಿಲ್ಲ. ನಾನು ಪುಟ ತಿರುವುತ್ತಾ ಹೋದೆ.

"ಹಾಳಿ ತಿರುವೋ ಸಪ್ಪಳ ಕೇಳಾಕತ್ತದ," ಎಂದರು ಅತ್ತೆ, ಮಲಗಿದಲ್ಲಿಂದಲೇ. "ನೀ ಒಬ್ಬಾಕಿನೇ ಏನ್ ಓದಾಕತ್ತೀದಿ? ನನಗೂ ಜರಾ ಕೇಳಿಸು."

ಆ ಕಥೆಯನ್ನು ಸೊಸೆಯೇ ಅತ್ತೆಗೆ ಓದಿ ಹೇಳುವುದು ಹೇಗೆ ಎಂದು ನನಗೆ ಮುಜುಗರವಾಯಿತು. ಸೂಲಗಿತ್ತಿಯ ಪುಸ್ತಕ ಎತ್ತಿಕೊಂಡು, "ಇದು ಛಲೋ ಅದ್ರಿ," ಎಂದೆ.

"ಅದಲ್ಲ. ನಿನ್ನ ಕೈಯಾಗ ಇತ್ತಲ್ಲ, ಅದನ್ನ ಓದು."

ಓದಿದೆ. ಕೀಲಿಕೈಯ ಭಾಗಕ್ಕೆ ಬಂದಾಗ ನನ್ನ ದನಿ ಸ್ವಲ್ಪ ಕೆಳಗಿಳಿದಿರಬೇಕು. ಅತ್ತೆ, "ಜೋರಾಗಿ ಓದು," ಎಂದರು. ಅಧ್ಯಾಯ ಮುಗಿಯಿತು. ಅಂಗಳದಲ್ಲಿ ಬೇವಿನ ನೆರಳು ನಿಧಾನವಾಗಿ ಗೋಡೆಯ ಕಡೆ ಸರಿಯುತ್ತಿತ್ತು. ಆಮೇಲೆ, "ಸೊಸಿ ಏನರೆ ಅಂದಿರಬೇಕು," ಎಂದರು.

"ಏನೂ ಅಂದಿಲ್ಲಂತ ಬರದಾರ್ರಿ."

"ಬರದಿರ್ತಾರ ಬೇ. ಎಲ್ಲಾ ಬರೀಲಾಕ ಬರ್ತದೇನು?"

ಹೀಗೆ ಶುರುವಾಯಿತು. ದಿನಾ ಊಟವಾದ ಮೇಲೆ ಓದು. ಎರಡನೆಯ ದಿನವೇ ಪಕ್ಕದ ಮನೆಯ ಚಿಗವ್ವ ಮೊರದಲ್ಲಿ ಉದ್ದು ಹಾಕಿಕೊಂಡು ಹಸನು ಮಾಡುತ್ತಾ ಬಂದು ಕೂತಳು. ಅವಳ ಹಿಂದೆ ಅವಳ ಸೊಸೆ, ಎದುರುಮನೆಯ ಅಕ್ಕ. ಕೆಲವರು ಕೈಗೆ ಕೆಲಸ ತಂದುಕೊಂಡರು, ಕೆಲವರು ಸುಮ್ಮನೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೇಳಿದರು. ನನ್ನ ಶಾಲೆಯಲ್ಲಿ ನಾನು ಪಾಠ ಓದುವಾಗ ಅಂಥ ಮೌನ ಎಂದೂ ಬಂದದ್ದಿಲ್ಲ. ಕಾದಂಬರಿಯಲ್ಲಿ ಹೆಚ್ಚೇನೂ ನಡೆಯುತ್ತಿರಲಿಲ್ಲ. ಆ ಹೆಂಗಸು ನೆಲ ಹದ ಮಾಡುತ್ತಾಳೆ, ಬದನೆ ಹಚ್ಚುತ್ತಾಳೆ, ಹೊಳೆಯ ಬಣ್ಣ ಬದಲಾಗುವುದನ್ನು ನೋಡುತ್ತಾಳೆ. ಊರಿನವರು ಒಬ್ಬೊಬ್ಬರಾಗಿ ಬಂದು ಕಾರಣ ಕೇಳುತ್ತಾರೆ. ಅವಳು ಬಂದವರಿಗೆ ಉಣ್ಣಲು ಕೊಟ್ಟು ಕಳಿಸುತ್ತಾಳೆ. ಒಂದೊಂದು ಪುಟ ಓದುವಾಗಲೂ ನನಗೆ ನಾನು ಪಡಸಾಲೆಯಲ್ಲಿ ಇದ್ದೇನೋ ಹೊಳೆಯ ಪಕ್ಕ ಇದ್ದೇನೋ ಎನ್ನುವಂತಾಗುತ್ತಿತ್ತು. ಮೊರದಲ್ಲಿ ಉದ್ದು ಉರುಳುವ ಸದ್ದು ನೀರಿನ ಸದ್ದಿನಂತೆಯೇ ಇತ್ತು.

ಚಿಗವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. "ಅಕಿಗೆ ಏನರೆ ತಕಲೀಫ್ ಇರಬೇಕ್ ನೋಡ್ರಿ. ಇಲ್ಲಂದ್ರ ಮನಿ ಬಿಟ್ಟು ಯಾರ್ ಹೋಗ್ತಾರ?"

"ಮುಂದ ಬರ್ತಿರಬೇಕು," ಎಂದು ಎದುರುಮನೆಯ ಅಕ್ಕ ಸಮಾಧಾನ ಹೇಳಿದಳು.

ಮುಂದೆ ಬರಲೇ ಇಲ್ಲ. ಬದಲಿಗೆ ಆ ಕಾರಣವನ್ನು ಇವರೇ ಒಬ್ಬೊಬ್ಬರು ಒಂದೊಂದಾಗಿ ತಂದು ಹಾಕತೊಡಗಿದರು. ಓದು ನಿಂತ ಮೇಲೆ ಶುರುವಾಗುವ ಮಾತಿನಲ್ಲಿ ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿರಲಿಲ್ಲ, ಎಲ್ಲರೂ ಆ ಹೆಂಗಸಿನ ಬಗ್ಗೆಯೇ ಹೇಳುತ್ತಿದ್ದರು. ಅಕಿಗೆ ಒಬ್ಬಾಕಿನೇ ಕೂತು ಉಣ್ಣಬೇಕಂತ ಆಸೆ ಇರಬೇಕು ಎಂದಳು ಚಿಗವ್ವನ ಸೊಸೆ, ತಲೆ ಎತ್ತದೆ. ಅಷ್ಟು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು. ಚಿಗವ್ವ ಮೊರ ಜಾಡಿಸುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದಳು.

ಸೀಗಿ ಹುಣ್ಣಿಮೆಯ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋದರು. ಅತ್ತೆ ಧೂಳಿಗೆ ಹೋಗುವಂತಿರಲಿಲ್ಲ. ನಾವಿಬ್ಬರೇ ಉಳಿದೆವು. ಆ ಹೊತ್ತಿಗೆ ಅಫಜಲಪುರ ತಾಲೂಕಿನ ಗೊಬ್ಬೂರದಿಂದ ಅತ್ತೆಯ ತಮ್ಮನ ಹೆಂಡತಿ ಶೇಂಗಾ ಉಂಡಿಯ ಡಬ್ಬಿ ಹಿಡಿದು ಕಣ್ಣು ಹೇಗಿದೆ ನೋಡಲು ಬಂದಳು. ಗೊಬ್ಬೂರ ಅತ್ತೆಯ ತವರು. ಒಂದು ರಾತ್ರಿ ಉಳಿದು ಹೋಗುತ್ತೇನೆಂದು ಬಂದವಳು ಕಥೆಯ ನಡುವೆ ಬಂದು ಕೂತು, ಹಿಂದಿನದೇನು ಎಂದು ಕೇಳಿ, ಅತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿದ ಮೇಲೆ ಎದ್ದು ಹೋಗಲಾಗದೆ ಕಾದಂಬರಿ ಮುಗಿಯುವವರೆಗೂ ಉಳಿದುಬಿಟ್ಟಳು. ಅತ್ತೆ ಕಥೆ ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ. ನಾನು ಅಷ್ಟು ದಿನ ಓದಿದ್ದನ್ನು ಅವರು ರೊಟ್ಟಿ ಬೇಯುವುದರೊಳಗೆ ಹೇಳಿ ಮುಗಿಸಿದರು, ಆದರೂ ಏನೂ ಬಿಟ್ಟುಹೋದಂತೆ ಅನಿಸಲಿಲ್ಲ.

ಕಾದಂಬರಿಯ ಕೊನೆ ಹೀಗಿತ್ತು. ಅಕಾಲದ ಮಳೆ ಬಂದು ಹೊಳೆ ಏರುತ್ತದೆ. ಬೆಳಿಗ್ಗೆ ಊರಿನವರು ಬಂದು ನೋಡಿದರೆ ಗುಡಿಸಲು ಹಾಗೇ ಇದೆ, ಒಲೆಯಲ್ಲಿ ಕೆಂಡ ಇದೆ, ಅವಳಿಲ್ಲ. ದಂಡೆಯ ಹಸಿಮಣ್ಣಿನಲ್ಲಿ ಹೆಜ್ಜೆಗಳಿವೆ, ಅವು ನೀರಿನವರೆಗೂ ಹೋಗಿವೆಯೋ ಪಕ್ಕಕ್ಕೆ ತಿರುಗಿವೆಯೋ ಯಾರಿಗೂ ಹೇಳಲಾಗುವುದಿಲ್ಲ. ಅಷ್ಟೇ.

ನಾನು ಪುಸ್ತಕ ಮುಚ್ಚಿದೆ.

"ಮುಗೀತೇನು?" ಎಂದರು ಅತ್ತೆ.

"ಮುಗೀತ್ರಿ."

"ಹಿಂದ ಹಾಳಿ ಹರದಾವೇನು ನೋಡು."

ನೋಡಿದೆ. ಹರಿದಿರಲಿಲ್ಲ. ಗೊಬ್ಬೂರದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಚಿಗವ್ವ, ಇಷ್ಟು ದಿನ ಕೂತು ಕೇಳಿದ್ದಕ್ಕೆ ಬರೋಬರ್ ಒಂದು ಕೊನೆಯೂ ಇಲ್ಲವಲ್ಲ ಎಂದು ಗೊಣಗುತ್ತಾ ಎದ್ದಳು. ಅತ್ತೆಯಂತೂ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ನಾನೇ ಅದನ್ನು ಹಾಗೆ ಬರೆದಂತೆ.

ರಜೆ ಮುಗಿದು ನಾನು ಶಾಲೆಗೆ ಹೋಗತೊಡಗಿದೆ. ದೀಪಾವಳಿ ಬಂದು ಹೋಯಿತು. ಕಪ್ಪು ನೆಲದಲ್ಲಿ ಜೋಳ ಹಸಿರು ದಾರ ಎಳೆದಂತೆ ಎದ್ದಿತು. ಸಂಜೆ ಸೂಲಗಿತ್ತಿಯ ಪುಸ್ತಕ ಓದಿದೆವು, ನಕ್ಕೆವು, ಅದೂ ಮುಗಿಯಿತು. ಆದರೆ ಅತ್ತೆ ನಡುನಡುವೆ, ಯಾವುದೋ ಮಾತಿನಲ್ಲಿ, "ಅಕಿ ಈಗ ಎಲ್ಲಿ ಇರಬೇಕು," ಎಂದು ಕೇಳುತ್ತಿದ್ದರು. ನಾನು ಮೊದಮೊದಲು ಯಾರು ಎಂದು ಕೇಳುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟೆ.

ಕಣ್ಣಿನ ತಪಾಸಣೆಗೆ ಮತ್ತೆ ಕಲಬುರಗಿಗೆ ಹೋದೆವು. ಡಾಕ್ಟರರು ಕಣ್ಣು ಚೆನ್ನಾಗಿ ಕೂತಿದೆ, ಇನ್ನು ಏನೂ ಫಿಕರ್ ಇಲ್ಲ, ಹನಿ ಮಾತ್ರ ಇನ್ನೊಂದು ವಾರ ಇರಲಿ ಎಂದರು. ಅಷ್ಟು ದೂರ ಬಂದವರು ಜೇವರ್ಗಿಗೂ ಬಂದು ನಾಲ್ಕು ದಿನ ಇದ್ದು ಹೋಗಿ ಎಂದು ಗೆಳತಿ ಫೋನಿನಲ್ಲಿ ಹಟ ಹಿಡಿದಿದ್ದಳು. ನಾನು ರಜೆ ಬರೆದು ಬಂದಿದ್ದೆ. ಮಧ್ಯಾಹ್ನದ ಬಸ್ಸು ಹತ್ತಿದೆವು.

ಹೊಸ ಕಣ್ಣಿನ ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ಹತ್ತಿ ಹೊಲಗಳು ಒಡೆದು ಬೆಳ್ಳಗಾಗಿದ್ದವು. ಪ್ರತಿಯೊಂದು ಗಿಡವನ್ನೂ ಅವರು ಎಂದೋ ಬಿಟ್ಟುಹೋದವರನ್ನು ಮತ್ತೆ ಕಂಡಂತೆ ನೋಡುತ್ತಿದ್ದರು. ಭೀಮಾ ನದಿಯ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಹೊಳೆ ತುಂಬಿತ್ತು, ಆದರೆ ಅವಸರವಿರಲಿಲ್ಲ. ನೀರಿನ ಮೇಲೆ ತೆಳ್ಳನೆಯ ಮಂಜಿನಂಥದ್ದೇನೋ ಮಲಗಿತ್ತು.

"ಎಷ್ಟು ನೀರು ಅದ ಬೇ," ಎಂದರು ಅತ್ತೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು, ಮಡಿಲಲ್ಲಿ ಒಂದು ಚೀಲ ಇಟ್ಟುಕೊಂಡವಳು, ತಾನಾಗಿಯೇ ಮಾತಿಗೆ ಬಂದಳು. "ಈ ವರ್ಷ ಭಾಳ ಬಂದದ್ರಿ. ನಮ್ಮೂರು ಹಿಂಗ ಹೊಳಿ ಹಿಡದು ಹೋದ್ರ ಬರ್ತದ." ಆಮೇಲೆ ಹೊಸಬರಿಗೆ ತಮ್ಮ ಊರಿನ ದೊಡ್ಡ ಸಂಗತಿ ಹೇಳುವವರಂತೆ ಸ್ವಲ್ಪ ಹತ್ತಿರ ಸರಿದಳು. "ನಮ್ಮೂರಾಗ ಹೊಳಿದಂಡಿಗೆ ಒಬ್ಬಾಕಿ ಅದಾಳ್ರಿ. ಮಗನ ಮದಿವಿ ಮಾಡಿದ್ಲು, ಮರದಿವಸ ಮುಂಜಾನಿ ಸೊಸಿ ಕೈಯಾಗ ಕೀಲಿಕೈ ಇಟ್ಟು, ಒಂದು ಕೌದಿ ತಗೊಂಡು ಹೊಲಕ್ಕ ಹೋದ್ಲು. ಮತ್ತ ಮನಿಗೆ ಬಂದಿಲ್ರಿ."

ನಾನು ಬಾಯಿ ತೆರೆಯುವುದರೊಳಗೆ ಸೆರಗಿನ ಕೆಳಗೆ ಅತ್ತೆಯ ಕೈ ಬಂದು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. ಅವರ ಮುಖ ಮಾತ್ರ ಆ ಹೆಂಗಸಿನ ಕಡೆಗೇ ಇತ್ತು.

"ಯಾಕ್ ಹೋದಳ್ರಿ?"

"ಯಾರಿಗ್ ಗೊತ್ರಿ. ಯಾರೂ ಏನೂ ಅಂದಿಲ್ಲಂತ. ಹತ್ತಿ ಬಿಡಸಾಕ ಗೊಬ್ಬೂರ ಕಡಿಂದ ಹೆಣ್ಮಕ್ಕಳು ಬಂದಿದ್ರು. ಅವರೂ ಇದನ್ನ ಹೇಳ್ತಿದ್ರು. ನಮ್ಮೂರಿನ ಸುದ್ದಿ ಅವರತನಾ ಹೋಗ್ಯದ ನೋಡ್ರಿ."

"ಆಮ್ಯಾಗ ಏನಾತು?" ಎಂದರು ಅತ್ತೆ. ದನಿ ಬಹಳ ಮೆಲ್ಲಗಿತ್ತು.

"ಏನಾಗ್ತದ್ರಿ? ಅದಾಳ. ಮೊನ್ನಿ ಬದನಿಕಾಯಿ ಕೊಟ್ಟು ಕಳಿಸಿದ್ಲು."

ಅತ್ತೆ ಕಿಟಕಿಯ ಕಡೆ ತಿರುಗಿದರು. ಹೊಳೆ ಹಿಂದೆ ಸರಿದು ಮತ್ತೆ ಹತ್ತಿ ಹೊಲಗಳು ಶುರುವಾಗಿದ್ದವು. ಜೇವರ್ಗಿ ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಗೆಳತಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೊಬ್ಬೂರದವಳು ಊರಿಗೆ ಹೋಗಿ ಹೇಳಿದ್ದಾಳೆ, ಅವಳಿಂದ ಕೇಳಿದವರು ಹತ್ತಿ ಹೊಲಕ್ಕೆ ಒಯ್ದಿದ್ದಾರೆ, ಅಲ್ಲಿ ಯಾರೋ ಒಬ್ಬ ಹೊಳೆದಂಡೆಯ ಹೆಂಗಸಿಗೆ ಅದು ಅಂಟಿಕೊಂಡಿದೆ. "ನಾ ಕೊಟ್ಟ ಪುಸ್ತಕ ನಿಮಗಿಂತ ಮೊದಲು ಜೇವರ್ಗಿಗೆ ಬಂದು ಕೂತದ," ಎಂದಳು. ಅತ್ತೆ ನಗಲಿಲ್ಲ.

"ನಾಳಿ ಹೋಗಿ ಬರೋಣು," ಎಂದರು.

"ಅತ್ತಿ, ಅದು ಬರೇ ಕಥಿ ಅದ್ರಿ."

"ಕಥಿ ಅಂತ ನನಗೂ ಗೊತ್ತದ. ಬದನಿಕಾಯಿ ಕೊಟ್ಟಾಕಿ ಕಥಿ ಅಲ್ಲಲ್ಲ."

ಮರುದಿನ ಗೆಳತಿಗೆ ಡ್ಯೂಟಿ ಇತ್ತು. ಅವಳು ಪರಿಚಯದ ಆಟೋದವನಿಗೆ ಹೇಳಿ ನಮ್ಮನ್ನು ಕಳಿಸಿದಳು. ಬಸ್ಸಿನ ಹೆಂಗಸು ಹೇಳಿದ ಊರು ಮುಟ್ಟಿ, ಕೇಳಿಕೊಂಡು, ಹೊಲದ ಬದುವಿನ ಮೇಲೆ ನಡೆಯುತ್ತಾ ಹೋದೆವು. ಸಿಗುವವರೆಲ್ಲ ಕೇಳುವ ಮೊದಲೇ ದಾರಿ ತೋರಿಸುತ್ತಿದ್ದರು. ಹೊಳೆಯ ಸಪ್ಪಳ ಮೊದಲು ಕೇಳಿತು, ಆಮೇಲೆ ಬದನೆ ಗಿಡಗಳ ಸಾಲು, ಆಮೇಲೆ ಜಾಲಿ ಮರದ ಪಕ್ಕ ಒಂದು ಗುಡಿಸಲು. ನನ್ನ ಮನಸ್ಸಿನಲ್ಲಿದ್ದ ಗುಡಿಸಲು ಎಡಕ್ಕಿತ್ತು, ಇದು ಬಲಕ್ಕಿತ್ತು. ಅದೊಂದೇ ವ್ಯತ್ಯಾಸ ಎನಿಸಿತು.

ಅವಳು ಕಳೆ ಕೀಳುತ್ತಿದ್ದಳು. ಅತ್ತೆಯ ವಾರಿಗೆಯವಳು, ಗಿಡ್ಡ ಮೈ, ತಲೆಗೆ ಹಳೆ ಟವೆಲ್ ಸುತ್ತಿಕೊಂಡಿದ್ದಳು. ನಮ್ಮನ್ನು ನೋಡಿ ನಡು ನೆಟ್ಟಗೆ ಮಾಡಿಕೊಂಡು ನಕ್ಕಳು.

"ಬರ್ರಿ, ಕೂಡ್ರಿ. ನನ್ನ ನೋಡಾಕ ಬಂದೀರಿ, ಹೌದಿಲ್ಲೊ?"

"ಹೌದ್ರಿ," ಎಂದರು ಅತ್ತೆ. "ತಪ್ಪ ತಿಳಕೋಬ್ಯಾಡ್ರಿ."

"ತಪ್ಪೇನ್ರಿ ಇದ್ರಾಗ. ಈ ತಿಂಗಳ ಭಾಳ ಮಂದಿ ಬಂದು ಹೋಗ್ಯಾರ. ಮೊದಲ ಯಾರೂ ಬರ್ತಿರಲಿಲ್ಲ." ಗುಡಿಸಲಿನ ಮುಂದೆ ಚಾಪೆ ಹಾಸಿ, ನೀರು ಕೊಟ್ಟು, ತಾನೂ ಕೂತಳು. "ಹಂದಿ ಬರ್ತಾವಂತ ಹ್ವಾದ ವರ್ಷ ಬೆಳಿ ಕಾಯಾಕ ಬಂದೆ. ಬೆಳಿ ಮುಗೀತು. ನನಗ ಹೋಗಬೇಕಂತ ಅನಿಸಲಿಲ್ಲ. ಇದ್ದೇನಿ. ಮಗ ಬರ್ತಾನ, ಸೊಸಿ ಬುತ್ತಿ ತರ್ತಾಳ. ಕೀಲಿಕೈ ಕೊಟ್ಟು ಬಂದಾಳ ಅಂತಾರ. ನಮ್ಮ ಮನಿಗೆ ಕೀಲಿನೇ ಇಲ್ರಿ."

ಅತ್ತೆ ಸ್ವಲ್ಪ ಹೊತ್ತು ಹೊಳೆ ನೋಡಿದರು. ಆಮೇಲೆ ಹೇಳಿದರು. "ಆ ಕೀಲಿಕೈ ನಿಮ್ಮದಲ್ರಿ. ಅದು ಪುಸ್ತಕದಾಗಿನ ಕಥಿ. ನನ್ನ ಕಣ್ಣು ಆಪರೇಷನ್ ಆಗಿತ್ತು, ನನ್ನ ಸೊಸಿ ಓದಿ ಹೇಳ್ಯಾಳ. ನಮ್ಮ ಮನಿಯಿಂದ ಗೊಬ್ಬೂರಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದದ."

ಅವಳಿಗೆ ಸಿಟ್ಟು ಬರಬಹುದೆಂದು ನಾನು ಹೆದರಿದೆ. ಅವಳು ಕೈಗಳನ್ನು ಒಂದಕ್ಕೊಂದು ಉಜ್ಜಿ ಮಣ್ಣು ಉದುರಿಸುತ್ತಾ ಯೋಚಿಸಿದಳು. ಮುಖದಲ್ಲಿ ಒಂದು ಕುತೂಹಲ ನಿಧಾನವಾಗಿ ಮೂಡಿತು.

"ಹಂಗಾದ್ರ ಆ ಪುಸ್ತಕದಾಗ ನನಗ ಮುಂದ ಏನಾಗ್ತದ್ರಿ?"

ಅತ್ತೆ ನನ್ನ ಕಡೆ ನೋಡಿದರು. ಹೇಳಲೇ ಎಂದು ಕೇಳುವಂತಿತ್ತು, ಆದರೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಕಾಲು ಮಡಚಿ ಸರಿಯಾಗಿ ಕೂತು ಮೊದಲಿನಿಂದ ಶುರು ಮಾಡಿದರು.

ನಾನು ಆ ಕಾದಂಬರಿಯನ್ನು ಓದಿದ್ದೆ, ಈಗ ಕೇಳಿದ್ದು ಬೇರೆಯೇ. ಹೊಳೆ ಅದೇ, ಬದನೆ ಅದೇ, ಕಾರಣ ಕೇಳಲು ಬರುವ ಊರಿನವರೂ ಅವರೇ. ಆದರೆ ಆ ಹೆಂಗಸು ಈಗ ಕೋಳಿ ಕೂಗುವ ಮೊದಲು ಎದ್ದು ರೊಟ್ಟಿ ಬಡಿಯುತ್ತಿದ್ದಳು. ಅವಳ ಅತ್ತೆ ಅವಳಿಗೆ ಹೊಸದರಲ್ಲಿ ಏನು ಕಲಿಸಿದ್ದಳು ಎಂಬುದು ಬಂತು. ಹೆರಿಗೆಯಲ್ಲಿ ಹೋದ ಒಂದು ಕೂಸು ಬಂತು. ಅಂಥ ಕೂಸು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ನನ್ನ ಗಂಡ ತಾನು ಒಬ್ಬನೇ ಮಗ ಎಂದುಕೊಂಡೇ ಬೆಳೆದವರು. ಅತ್ತೆಯ ದನಿ ಎಲ್ಲೂ ಒಡೆಯಲಿಲ್ಲ, ಬದನೆಯ ಸಾಲನ್ನು ಹೇಳಿದ ಹಾಗೆಯೇ ಅದನ್ನೂ ಹೇಳಿ ಮುಂದೆ ಹೋದರು.

"ಯಾಕ್ ಬಂದಿ ಅಂತ ಎಲ್ಲಾರೂ ಕೇಳ್ತಾರ್ರಿ ಅಕಿನ್ನ. ಯಾರೂ ಏನೂ ಅಂದಿರೂದಿಲ್ಲ. ಅಕಿಗೆ ಹೊಳಿ ಸಪ್ಪಳ ಕೇಳಬೇಕು ಅನಿಸಿರ್ತದ, ಅಷ್ಟ."

"ಅಷ್ಟ ಸಾಕಲ್ರಿ," ಎಂದಳು ಅವಳು.

ಕೊನೆ ಬಂತು. ಅತ್ತೆ ಅದನ್ನು ಬದಲಿಸಬಹುದೆಂದು ನನಗೆ ಅನಿಸಿತ್ತು. ಬದಲಿಸಲಿಲ್ಲ. ಮಳೆ ಬಂದದ್ದು, ಹೊಳೆ ಏರಿದ್ದು, ಒಲೆಯಲ್ಲಿ ಕೆಂಡ, ಹಸಿಮಣ್ಣಿನ ಹೆಜ್ಜೆ, ಎಲ್ಲ ಹೇಳಿ, "ಮುಗೀತ್ರಿ," ಎಂದರು.

ಅವಳು ತನ್ನ ಒಲೆಯ ಕಡೆ ಒಮ್ಮೆ, ನೀರಿನ ಕಡೆ ಒಮ್ಮೆ ನೋಡಿದಳು.

"ಮುಂಜಾನಿ ಎಲ್ಲೆರೆ ಹೋಗಿರ್ತಾಳ್ರಿ. ಸಂಜಿಕ ಬರ್ತಾಳ. ಬರದಾಕಿ ಸಂಜಿತನಾ ನಿಂದ್ರಬೇಕಿತ್ತು."

ಅತ್ತೆ ನಕ್ಕರು. ಕಾದಂಬರಿ ಮುಗಿದ ದಿನದಿಂದ ಅವರ ಮುಖದಲ್ಲಿ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾದದ್ದು ನನಗೆ ಕಂಡಿತು. ಅವಳೂ ನಕ್ಕಳು. ಇಬ್ಬರೂ ಎಷ್ಟೋ ವರ್ಷದ ಬಳಕೆಯವರಂತೆ ಕೂತು ಬೀಜದ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಸೊಸೆಯರ ಬಗ್ಗೆ ಮಾತಾಡಿದರು. ಸೊಸೆಯರ ಬಗ್ಗೆ ಮಾತಾಡುವಾಗ ನಾನು ಎದ್ದು ನೀರಿನ ಹತ್ತಿರ ಹೋಗಿ ನಿಂತೆ.

ಹೊತ್ತು ಇಳಿಯತೊಡಗಿತು. ಆಟೋದವನು ಬದುವಿನ ಆ ತುದಿಯಿಂದ ಹಾರ್ನ್ ಹೊಡೆದ. ನಾನು ಬಂದು ಚೀಲ ಎತ್ತಿಕೊಂಡೆ. ಅತ್ತೆ ಏಳಲಿಲ್ಲ.

"ನೀ ಹೋಗು ಬೇ. ನಾ ಇಲ್ಲೇ ನಾಕ ದಿನ ಇರ್ತೇನಿ."

"ಇಲ್ಲಿ?"

"ಇಲ್ಲಿ. ಈ ಅಕ್ಕಾಗ ಕೇಳೇನಿ. ಹ್ಞೂಂ ಅಂದಾರ."

ಮದುವೆಯಾಗಿ ಬಂದಮೇಲೆ ಅತ್ತೆಗೆ ಮಟಕಿ ಬಿಟ್ಟರೆ ಗೊಬ್ಬೂರ, ಗೊಬ್ಬೂರ ಬಿಟ್ಟರೆ ಮಟಕಿ, ಮೊನ್ನೆಯ ಆಸ್ಪತ್ರೆಯೊಂದು. ಬೇರೆಲ್ಲೂ ಅವರು ತಮ್ಮಷ್ಟಕ್ಕೆ ತಾವೇ ಉಳಿದದ್ದು ನಾನು ಕೇಳಿಲ್ಲ. ಕಣ್ಣು, ಧೂಳು, ಹೊಗೆ, ಚಳಿ ಎಂದು ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಹೊಳೆದಂಡೆಯವಳು, ಒಲಿ ನಾ ಹಚ್ತೇನ್ರಿ, ಇವರು ದೂರ ಕೂತು ಮಾತಾಡ್ಲಿ ಎಂದಳು. ಔಷಧದ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಹನಿ ಹಾಕುವುದನ್ನು ತೋರಿಸಿದೆ. ಅತ್ತೆಯ ಹತ್ತಿರ ಇದ್ದದ್ದು ಉಟ್ಟ ಸೀರೆ ಮತ್ತು ಹೆಗಲ ಮೇಲಿನ ಶಾಲು. ಬದುವಿನ ಮೇಲೆ ತಿರುಗಿ ನೋಡಿದಾಗ ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

ಜೇವರ್ಗಿಯಿಂದ ನನ್ನ ಗಂಡನಿಗೆ ಫೋನ್ ಮಾಡಿದೆ. ಮಿಲ್ಲಿನ ಸದ್ದಿನ ನಡುವೆ ಅವರಿಗೆ ಎರಡು ಸಲ ಹೇಳಬೇಕಾಯಿತು.

"ಏನರೆ ಜಗಳ ಆತೇನು?" ಎಂದರು.

"ಇಲ್ರಿ."

"ನೀ ಏನರೆ ಅಂದೇನು?"

"ಇಲ್ರಿ."

"ಮತ್ತ ಯಾಕ?"

"ಹೊಳಿ ಸಪ್ಪಳ ಕೇಳಬೇಕು ಅನಿಸ್ಯದಂತ," ಎಂದೆ. ಅದಕ್ಕೆ ನನ್ನ ಗಂಡ, ಸ್ವೆಟರ್ ಒಯ್ದಿದ್ದಾರೇನು ಎಂದು ಕೇಳಿದರು. ಆ ಕೂಸಿನ ಮಾತನ್ನು ನಾನು ಫೋನಿನಲ್ಲಿ ಹೇಳಲಿಲ್ಲ. ಈಗಲೂ ಹೇಳಿಲ್ಲ. ಅದು ಅತ್ತೆ ಹೇಳಿದ ಕಥೆಯ ಭಾಗ. ಹೇಳಬೇಕೆನಿಸಿದರೆ ಅವರೇ ಹೇಳಿಯಾರು.

ಗೆಳತಿಯ ಮನೆಯಲ್ಲಿ ಆ ದಿನಗಳು ಯಾರದೋ ನಿದ್ದೆಯೊಳಗೆ ನಡೆದಾಡಿದಂತೆ ಕಳೆದವು. ಅವಳು ಡ್ಯೂಟಿಗೆ ಹೋದಮೇಲೆ ನಾನು ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಸಣ್ಣ ಕಥೆಗಳ ಆ ತೆಳ್ಳನೆಯ ಪುಸ್ತಕ ಓದಿದೆ. ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಕೆಳಗೆ ಹೋಗುವಾಗ ಬಿಳಿ ಎಳೆಗಳು ಗಾಳಿಯಲ್ಲಿ ತೇಲಿ ಪುಟದ ಮೇಲೆ ಬಂದು ಕೂರುತ್ತಿದ್ದವು. ಮೊದಲ ಸಲ ನನಗಾಗಿ ಯಾರೂ ಕಾಯುತ್ತಿರಲಿಲ್ಲ, ನಾನೂ ಯಾರನ್ನೂ ನೋಡಿಕೊಳ್ಳಬೇಕಿರಲಿಲ್ಲ. ಓದುತ್ತಾ ನಿದ್ದೆ ಬಂದರೆ ಮಲಗುತ್ತಿದ್ದೆ, ಎದ್ದರೆ ಅದೇ ಸಾಲಿನಿಂದ ಮುಂದುವರಿಸುತ್ತಿದ್ದೆ. ಹಿಂಗಾರಿಯಲ್ಲಿ ಏನು ಓದಬೇಕೆಂದು ಈಗ ಯಾರಾದರೂ ನನ್ನನ್ನು ಕೇಳಿದರೆ ಪುಸ್ತಕದ ಜೊತೆಗೆ ಆ ಮಾಳಿಗೆಯನ್ನೂ ಹೇಳಬೇಕೆನಿಸುತ್ತದೆ.

ಅತ್ತೆಯನ್ನು ಕರೆತರಲು ಹೋದ ದಿನ ಅವರು ಬದುವಿನ ತುದಿಗೇ ಬಂದು ನಿಂತಿದ್ದರು. ಶಾಲು ಟವೆಲ್ಲಿನಂತೆ ತಲೆಗೆ ಏರಿತ್ತು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಹೊಳೆದಂಡೆಯವಳು ಕಾಣಲಿಲ್ಲ. ಎಲ್ಲಿ ಎಂದು ಕೇಳಿದರೆ, "ಎಲ್ಲೋ ಹೋಗ್ಯಾಳ. ಸಂಜಿಕ ಬರ್ತಾಳ," ಎಂದರು, ಬಹಳ ಸಹಜವಾಗಿ.

ಬಸ್ಸಿನಲ್ಲಿ ಕೂತಮೇಲೆ ನಾನು ಕೇಳಿದೆ, ಏನು ಮಾಡಿದಿರಿ, ಏನು ಮಾತಾಡಿದಿರಿ ಎಂದು. ಹೆಚ್ಚೇನೂ ಹೇಳಲಿಲ್ಲ. ಬಸ್ಸು ಸೇತುವೆ ದಾಟಿ ಬಹಳ ಮುಂದೆ ಬಂದಿತ್ತು. ಅವರಿಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದೆ. ಕಣ್ಣು ತೆರೆಯದೆಯೇ ನನ್ನ ಹೆಗಲಿಗೆ ತಲೆ ಆನಿಸಿ, ಯಾರಿಗೂ ಕೇಳಬಾರದೆಂಬಂತೆ ಹೇಳಿದರು.

"ದಿನಾ ಹೊತ್ತು ಏರೂತನಾ ಮಲಗಿದ್ದೆ ಬೇ. ಯಾರೂ ಎಬ್ಬಿಸಲಿಲ್ಲ."